ಆರ್ಥೊ (ಮೂಳೆ ಡಾಕ್ಟರ್) ಆಗಬೇಕು ಅಂದಿರುವ ಪುಟ್ಟಿಗೆ

ಡೆಟ್ರಾಯಿಟ್, ಏಪ್ರಿಲ್ 2026

ಪ್ರೀತಿಯ ಪುಟ್ಟಿ,

ಮೂರು ಮೆಡಿಕಲ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ ಅಂತ ಹೇಳುವಾಗ ಅಣ್ಣನ ದನಿಯೇ ಬೇರೆ ಆಗಿತ್ತು. ಖುಷಿಯಲ್ಲಿ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅದಕ್ಕೇ, ಮೂರರಲ್ಲಿ ಯಾವುದನ್ನು ಆರಿಸಬೇಕು ಅಂತ ನಿನಗೇ ಈ ಕಾಗದ. ಏಳನೇ ಕ್ಲಾಸಿನ ತನಕ ಜಯನಗರದಲ್ಲಿ ಓದಿದ ಕನ್ನಡ ಇನ್ನೂ ಮರೆತಿಲ್ಲ ಅಲ್ವಾ?

ನಿಮ್ಮಪ್ಪನದು ಊರಿನ ಲೆಕ್ಕ. ಅಲ್ಲಿ ನೀಟ್ ಪಿಜಿಯಲ್ಲಿ ರ‍್ಯಾಂಕ್ ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಮುಗಿಸುವವರಿಗೆ ಮುಂದಿನ ಸೀಟು ಹಂಚುವ ‘ಮ್ಯಾಚ್’ ಹಾಗಲ್ಲ. ನಿನಗೆ ಬೇಕಾದ ರೆಸಿಡೆನ್ಸಿಗಳ (ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟ್ ಆಗುವ ತರಬೇತಿ) ಪಟ್ಟಿ ನೀನು ಕೊಡುತ್ತೀಯ, ಅವರಿಗೆ ಬೇಕಾದವರ ಪಟ್ಟಿ ಅವರು ಕೊಡುತ್ತಾರೆ, ಕಂಪ್ಯೂಟರು ಜೋಡಿ ಮಾಡುತ್ತದೆ. 1952ರಿಂದ ನಡೆದುಬಂದ ಪದ್ಧತಿ. ನಮ್ಮಲ್ಲಿ ಹೆಣ್ಣು ನೋಡಿದ ಹಾಗೇ ಅನ್ನು. ಮಾರ್ಕ್ಸ್ ಅನ್ನೋ ಜಾತಕ ಕೂಡಿಬಂದರೆ ಸಾಲದು, ಎರಡೂ ಕಡೆಯವರು ಒಪ್ಪಬೇಕು.

ಮೊದಲು ಡಾಕ್ಟರ್ ಲೈಸೆನ್ಸಿನ ಮೊದಲ ಪರೀಕ್ಷೆ, ಸ್ಟೆಪ್ 1, ಅದರ ಸ್ಕೋರ್ ಅಂತ ಒಂದು ತಕ್ಕಡಿ ಇತ್ತು. ಸಣ್ಣ ಸ್ಕೂಲಿನವರೂ ಅದನ್ನು ತೋರಿಸಿ ಬಾಗಿಲು ತಟ್ಟಬಹುದಿತ್ತು. 2022ರ ಜನವರಿಯಿಂದ ಅದು ಬರೀ ಪಾಸ್-ಫೇಲ್. ಈಗ ಸ್ಕೋರ್ ಉಳಿದಿರುವುದು ಅದರ ಮುಂದಿನ ಪರೀಕ್ಷೆ ಸ್ಟೆಪ್ 2ಕ್ಕೆ. ಹಾಗಾಗಿ ನೀನು ಎಲ್ಲಿಂದ ಬಂದೆ, ನಿನ್ನ ಪರವಾಗಿ ಯಾರು ಬರೆದರು ಅನ್ನೋದಕ್ಕೆ ತೂಕ ಜಾಸ್ತಿಯಾಗಿದೆ.

ನಮ್ಮ ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಮಿಗೆ ಬರುವ ಅರ್ಜಿಗಳನ್ನು ನಾನೂ ಓದುತ್ತೇನೆ. ಅಕ್ಟೋಬರಿನಲ್ಲಿ, ರಾತ್ರಿ ಊಟ ಆದಮೇಲೆ, ಒಂದೊಂದಕ್ಕೆ ಹತ್ತು ನಿಮಿಷ. ಸ್ಕೂಲಿನ ಹೆಸರಿನ ಮೇಲೆ ಕಣ್ಣು ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ನಿಲ್ಲುವುದು ಶಿಫಾರಸು ಪತ್ರದ ಹತ್ತಿರ. ‘ಶ್ರಮಜೀವಿ, ಟೈಮಿಗೆ ಸರಿಯಾಗಿ ಬರುತ್ತಾಳೆ’ ಅಂತಿದ್ದರೆ ಬರೆದವರಿಗೆ ಹುಡುಗಿಯ ಮುಖವೂ ನೆನಪಿಲ್ಲ ಅಂತ ಗೊತ್ತಾಗುತ್ತದೆ. ‘ರಾತ್ರಿ ಎರಡು ಗಂಟೆಗೆ ರೋಗಿಯ ಕಾಲು ತಣ್ಣಗಾಗಿದೆ ಅಂತ ಮೊದಲು ಗಮನಿಸಿದವಳು ಇವಳೇ’ ಅಂತಿದ್ದರೆ ಇಂಟರ್‌ವ್ಯೂಗೆ ಕರೆಯುತ್ತೇವೆ.

ನನಗೆ ಅಂಥ ಪತ್ರ ಸಿಗಲಿಲ್ಲ. ಊರಲ್ಲಿ ಎಂಬಿಬಿಎಸ್ ಮುಗಿಸಿ ಬಂದವಳಿಗೆ ಸರ್ಜರಿಯ ಆಸೆ. ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ಡಾಕ್ಟರ ಹಿಂದೆ ಓಡಾಡಿದೆ. ಕೊನೆಗೆ ಅವರು ಬರೆದುಕೊಟ್ಟದ್ದು ನಾಲ್ಕು ಸಾಲು. ಅದರಲ್ಲಿ ನನ್ನ ಹೆಸರಿನ ಸ್ಪೆಲಿಂಗೂ ತಪ್ಪು! ಸರ್ಜರಿಗೆ ಒಂದೇ ಒಂದು ಇಂಟರ್‌ವ್ಯೂ ಬರಲಿಲ್ಲ. ಮೆಡಿಸಿನ್ ಸಿಕ್ಕಿತು, ಚೆನ್ನಾಗಿಯೇ ಇದ್ದೇನೆ, ಆ ಮಾತು ಬೇರೆ.

ನಿನ್ನ ಸ್ಥಿತಿ ನನ್ನ ಹಾಗಿಲ್ಲ. 2024ರ ಮ್ಯಾಚ್‌ನಲ್ಲಿ ಇಲ್ಲಿನ ಎಂಡಿ (ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಸ್ಕೂಲುಗಳ ಕೊನೇ ವರ್ಷದವರಲ್ಲಿ ಶೇ. 93.5 ಜನರಿಗೆ ಸೀಟು ಸಿಕ್ಕಿತು. ನನ್ನಂತೆ ಹೊರದೇಶದಲ್ಲಿ ಓದಿ ಬಂದ, ಇಲ್ಲಿನ ಪೌರರಲ್ಲದವರಲ್ಲಿ ಶೇ. 58.5. ಹಾಗಾಗಿ ಏನೋ ಒಂದು ಸಿಕ್ಕೇ ಸಿಗುತ್ತದೆ, ಆ ಭಯ ಬೇಡ. ಆದರೆ ಆರ್ಥೊ ಕಷ್ಟ. ಅದು ಸಣ್ಣ ಲೋಕ, ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಸ್ಕೂಲಿನದ್ದೇ ಆರ್ಥೊ ರೆಸಿಡೆನ್ಸಿ ಇದ್ದರೆ ಮೊದಲ ವರ್ಷದಿಂದಲೇ ಆ ಡಿಪಾರ್ಟ್‌ಮೆಂಟಿಗೆ ಹೋಗಿಬರಬಹುದು, ರಿಸರ್ಚಿಗೆ ಕೈ ಹಾಕಬಹುದು, ಅಲ್ಲಿನ ದೊಡ್ಡವರಿಗೆ ನಿನ್ನ ಮುಖ ಪರಿಚಯ ಆಗುತ್ತದೆ. ನಾಲ್ಕನೇ ವರ್ಷ ಅವೇ ರೊಟೇಶನ್ ಅಂತ ಬೇರೆ ಊರಿನ ಆಸ್ಪತ್ರೆಗೆ ಎಲ್ಲರೂ ಹೋಗುತ್ತಾರೆ. ಮನೆಯಲ್ಲೇ ರೆಸಿಡೆನ್ಸಿ ಇದ್ದವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಇಲ್ಲದವರು ಬರಿಗೈಯಲ್ಲಿ.

ಅದಕ್ಕೇ ಅರ್ಧ ಫೀ ಬಿಡುತ್ತೇವೆ ಅಂದಿರುವ ಆ ಹೊಸ ಸ್ಕೂಲ್ ಬೇಡ. ಅವರಿಗೆ ಆರ್ಥೊ ರೆಸಿಡೆನ್ಸಿಯೇ ಇಲ್ಲ. ಮೂರನೇ ವರ್ಷ ನಾಲ್ಕು ಆಸ್ಪತ್ರೆ ಅಲೆಸುತ್ತಾರೆ.

ಹೆಸರುವಾಸಿ ಖಾಸಗಿ ಸ್ಕೂಲಿನ ಮೇಲೆ ಅಣ್ಣನಿಗೆ ಮನಸ್ಸು. ಕಳಿಸಿದ ರ‍್ಯಾಂಕಿಂಗ್ ಪಟ್ಟಿ ನೋಡಿದೆ, ಯಾವ ಕಾಲದ್ದೋ. ಇಂಥ ರ‍್ಯಾಂಕಿಂಗ್ ಪ್ರಕಟಿಸುವ ಯು.ಎಸ್. ನ್ಯೂಸ್‌ಗೆ ಮಾಹಿತಿ ಕೊಡುವುದನ್ನು ಹಾರ್ವರ್ಡ್ ಮೆಡಿಕಲ್ ಸ್ಕೂಲೇ 2023ರಲ್ಲಿ ನಿಲ್ಲಿಸಿತು. ದೊಡ್ಡ ಹೆಸರು ಸುಮ್ನೆ ಅಂತ ನಾನು ಹೇಳುವುದಿಲ್ಲ. ಲ್ಯಾಬು, ದುಡ್ಡು, ಪರಿಚಯ ಎಲ್ಲ ಅಲ್ಲಿ ಸಲೀಸು. ಮುಂದೆ ಪ್ರೊಫೆಸರ್ ಆಗುವ ಆಸೆ ಇದ್ದರೆ ಲಾಭವೇ. ಆದರೆ ಸಾಲ? ಈ ಜುಲೈನಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಸರ್ಕಾರಿ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್‌ಗೆ ನಿಲ್ಲುತ್ತದೆ. ಮಿಕ್ಕಿದ್ದಕ್ಕೆ ಖಾಸಗಿ ಸಾಲವೇ ಗತಿ. ಅದರ ಬಡ್ಡಿ ಕಟ್ಟುತ್ತಾ ಕೂತವರನ್ನು ನೋಡಿದ್ದೇನೆ.

ನನ್ನ ಮನಸ್ಸು ನಿಮ್ಮ ರಾಜ್ಯದ ಸ್ಟೇಟ್ ಸ್ಕೂಲಿನ ಕಡೆಗಿದೆ. ಆರ್ಥೊ ರೆಸಿಡೆನ್ಸಿ ಇದೆ, ಫೀ ಕಮ್ಮಿ. ನಾಳೆ ಮಕ್ಕಳ ವಾರ್ಡಿನಲ್ಲಿ ನಿಂತು, ‘ಆರ್ಥೊ ಬೇಡ ಅತ್ತೆ, ಇದೇ ಸಾಕು’ ಅಂತ ನೀನು ಅಂದರೂ ಸಾಲ ಅಡ್ಡ ಬರುವುದಿಲ್ಲ.

ಏಪ್ರಿಲ್ 30ರೊಳಗೆ ಒಂದನ್ನೇ ಇಟ್ಟುಕೊಳ್ಳಬೇಕಲ್ಲ, ಅಷ್ಟರಲ್ಲಿ ಅಲ್ಲಿಗೆ ಒಂದು ಸಲ ಹೋಗಿ ಬಾ. ಅವರು ತೋರಿಸುವ ಮ್ಯಾಚ್ ಲಿಸ್ಟಿನಲ್ಲಿ ಆರ್ಥೊಗೆ ಆರು ಜನ ಅಂತಿರುತ್ತದೆ. ಎಷ್ಟು ಜನ ಬಯಸಿದ್ದರು, ಎಷ್ಟು ಜನರಿಗೆ ಸ್ಕೂಲಿನವರೇ ಬೇಡ ಅಂದರು, ಎಷ್ಟು ಜನ ರಿಸರ್ಚಿಗೆ ಅಂತ ಒಂದು ವರ್ಷ ಜಾಸ್ತಿ ಕೂತರು ಅಂತ ಕೇಳು. ಡೀನ್ ಹತ್ತಿರ ಅಲ್ಲ, ಕ್ಯಾಂಟೀನಿನಲ್ಲಿ ಸಿಗುವ ನಾಲ್ಕನೇ ವರ್ಷದವರ ಹತ್ತಿರ.

ಅಣ್ಣನಿಗೆ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಚಟ್ನಿಪುಡಿ ಕಳಿಸಿದ್ದೆ, ಬಂತಾ?

ನಿನ್ನ ಅತ್ತೆ