ನೀರು ಕುಡಿದ ಏಕಾದಶಿ

2024ರ ಮೇ 28ರಂದು ಅಮ್ಮನ ಎಡಗಡೆಯ ಕಿಡ್ನಿಯನ್ನು ತೆಗೆದು ನನ್ನ ಕಿಬ್ಬೊಟ್ಟೆಯ ಬಲಭಾಗದಲ್ಲಿ ಕೂರಿಸಿದರು. ವರ್ಷ ತುಂಬಿತು. ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಏರದೆ ನಿಂತಿದೆ, ಅಮ್ಮನೂ ಮೊದಲಿನ ಹಾಗೇ ಬೆಳಗ್ಗೆ ಐದಕ್ಕೆ ಎದ್ದು ತುಳಸಿಗೆ ನೀರು ಹಾಕುತ್ತಾರೆ. ಡಾಕ್ಟರಿಗೆ, ರಜೆ ಹಾಕಿ ಓಡಾಡಿದ ತಮ್ಮನಿಗೆ, ಸಾಲ ಕೊಟ್ಟು ಇನ್ನೂ ಕೇಳದ ಬಂಧುಗಳಿಗೆ ಎದುರಲ್ಲೇ ಕೈಮುಗಿದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಡಯಾಲಿಸಿಸ್ ಕೋಣೆಯಲ್ಲಿ ಸಿಕ್ಕ ಮೂವರಿಗೆ. ಪಕ್ಕದ ಹಾಸಿಗೆಯ ಬ್ಯಾರಿ ಮುಸ್ಲಿಂ ಅಜ್ಜ, ಅವರ ಹೆಂಡತಿ, ಮತ್ತೆ ನಮ್ಮ ಸೂಜಿಗಳನ್ನು ನೋಡಿಕೊಳ್ಳುತ್ತಿದ್ದ ಕೊಂಕಣಿ ಮಾತಿನ ಕ್ಯಾಥೊಲಿಕ್ ನರ್ಸ್, ನಮ್ಮ ಬಾಯಲ್ಲಿ ಸಿಸ್ಟರ್. ಹೆಸರು ಹಾಕುವುದಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಮಂಗಳವಾರ, ಗುರುವಾರ, ಶನಿವಾರ. ಒಂದೊಂದು ಸಲಕ್ಕೂ ನಾಲ್ಕು ಗಂಟೆ. 2023ರ ಆಗಸ್ಟಿನಿಂದ ಒಂಬತ್ತು ತಿಂಗಳು ಮಂಗಳೂರಿನ ಆ ಕೋಣೆಯಲ್ಲಿ ಅಜ್ಜನ ಯಂತ್ರ ಮತ್ತು ನನ್ನ ಯಂತ್ರ ಅಕ್ಕಪಕ್ಕ ತಿರುಗಿದವು. ಹೊರಗಿನ ಬೆಂಚಿನಲ್ಲಿ ಅಮ್ಮ ಮತ್ತು ಅಜ್ಜಿ. ಇಬ್ಬರಿಗೂ ಮನೆಯಲ್ಲಿ ಬೇರೆ ಬೇರೆ ಮಾತು ಎಂದು ನೀವು ಎಣಿಸಬಹುದು. ಶಿವಳ್ಳಿ ಬ್ರಾಹ್ಮಣರಾದ ನಮ್ಮದು ತುಳು, ಅವರದು ಬ್ಯಾರಿ. ಆದರೆ ಅಜ್ಜಿಯ ತುಳು ಅಮ್ಮನದಕ್ಕಿಂತ ಗಟ್ಟಿ. ಒಮ್ಮೆ ಶುರುವಾದರೆ ಸಿಸ್ಟರ್ ಬಂದು ಸದ್ದು ಮಾಡಬೇಡಿ ಎನ್ನಬೇಕಾಗುತ್ತಿತ್ತು.

ಕಿಡ್ನಿ ಹೋದವರ ಹಬ್ಬ ಹೇಗಿರುತ್ತದೆ ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ದಿನಕ್ಕೆ ಒಂದು ಲೀಟರಿಗೂ ಕಡಿಮೆ ನೀರು, ಅದರಲ್ಲೇ ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಬೇಕು. ಪೊಟ್ಯಾಶಿಯಂ ಹೆದರಿಕೆಗೆ ಬೊಂಡ (ಎಳನೀರು) ಇಲ್ಲ, ಬಾಳೆಹಣ್ಣು ಇಲ್ಲ. ದೇವಸ್ಥಾನದಲ್ಲಿ ಕೈಗೆ ಬಿದ್ದ ತೀರ್ಥವನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತಿದ್ದೆ. ಅಜ್ಜನಿಗೆ ಖರ್ಜೂರ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಕ್ಯಾಥೊಲಿಕರ ಹೊಸ ತೆನೆಯ ಹಬ್ಬಕ್ಕೆ, ಸಿಸ್ಟರ್ ಮನೆಯಲ್ಲಿ ಚರ್ಚಿನ ತೆನೆಯ ಹೊಸಕ್ಕಿಯನ್ನು ತೆಂಗಿನಹಾಲಿಗೆ ಅರೆದು ಹಾಕಿ ಹಂಚುತ್ತಾರೆ. ಮರುದಿನ ಶನಿವಾರ ಅವರು ಅದನ್ನು ತಂದಿದ್ದರು. ಸಿಸ್ಟರೇ ಅಳೆದು ನಮ್ಮಿಬ್ಬರಿಗೂ ಅರ್ಧರ್ಧ ಚಮಚ ಕೊಟ್ಟರು. ಅಜ್ಜ ಅದನ್ನು ನಾಲಗೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದರು. "ನೊವೆಂ ಎನ್ನುತ್ತೇವೆ. ದೂರದಲ್ಲಿರುವ ಮಕ್ಕಳಿಗೆ ಕಾಳು ಒಣಗಿಸಿ ಅಂಚೆಯಲ್ಲಿ ಕಳಿಸುತ್ತೇವೆ, ಮನೆಯವರೆಲ್ಲ ಅದೇ ತೆನೆಯನ್ನು ತಿನ್ನಬೇಕು" ಎಂದರು ಸಿಸ್ಟರ್.

ಅಮ್ಮ ಅವತ್ತು ಅದನ್ನು ಮುಟ್ಟಲಿಲ್ಲ. ಅಜ್ಜಿ ಫ್ಲಾಸ್ಕಿನಿಂದ ಕೊಟ್ಟ ನೀರನ್ನೂ ಅವರು ಕುಡಿದವರಲ್ಲ, ಮನೆಯಿಂದ ತಾಮ್ರದ ಚೊಂಬು ತರುತ್ತಿದ್ದರು. ಎರಡು ತಿಂಗಳು ಹೀಗೇ ನಡೆದ ಮೇಲೆ ಅಜ್ಜಿ ನೇರ ಕೇಳಿಯೇ ಬಿಟ್ಟರು, ನನ್ನ ಕೈಯ ನೀರು ಯಾಕೆ ಆಗುವುದಿಲ್ಲ ಎಂದು. ನಾನು ಒಳಗೆ ಮಲಗಿದಲ್ಲೇ ಮೈ ಬಿಗಿ ಹಿಡಿದೆ. ಅಮ್ಮ ಸುಳ್ಳು ಹೇಳಲಿಲ್ಲ. "ಮಡಿಯಲ್ಲಿ ಬೆಳೆದವಳು, ನಿಮ್ಮ ಮೇಲೆ ಹೇಸಿಗೆ ಇಲ್ಲ, ಅಭ್ಯಾಸ ಬಿಡಲಿಕ್ಕೆ ಆಗುವುದಿಲ್ಲ" ಎಂದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಾಯಿತು. ಆದರೆ ನನಗೆ ನೋವಾಗುತ್ತದೆ, ಅದೂ ನಿಮಗೆ ಗೊತ್ತಿರಲಿ" ಎಂದರು. ಗುರುವಾರ ಬಂದಾಗ ಬೆಂಚಿನಲ್ಲಿ ಅಮ್ಮನಿಗೆ ಜಾಗ ಹಿಡಿದಿಟ್ಟಿದ್ದರು.

ಅಜ್ಜೀ, ಆ ಮಾತಿಗೆ ನಿಮಗೆ ನನ್ನ ಮೊದಲ ನಮಸ್ಕಾರ. ಎಲ್ಲ ದೇವರೂ ಒಂದೇ ಎಂದು ಹೇಳಿ ನೀವು ಜಾರಿಕೊಳ್ಳಬಹುದಿತ್ತು. ನಮ್ಮ ಕಡೆ ಎಷ್ಟೋ ಜನ ಹಾಗೆ ಹೇಳಿಯೇ ಮಾತು ಮುಗಿಸುತ್ತಾರೆ, ಆಮೇಲೆ ಒಬ್ಬರಿಗೊಬ್ಬರು ಏನೂ ಕೇಳುವುದಿಲ್ಲ. ನೀವು ಕೇಳಿದಿರಿ.

ಕೇಳುವ ಬಾಗಿಲು ಆಮೇಲೆ ಮುಚ್ಚಲಿಲ್ಲ. 2024ರಲ್ಲಿ ನೋಂಬು, ಅಂದರೆ ರಂಜಾನಿನ ಉಪವಾಸ, ಮಾರ್ಚಿನಲ್ಲಿ ಬಂತು, ಅದರ ನಡುವೆಯೇ ಕ್ರೈಸ್ತರ ಪವಿತ್ರ ವಾರ. ಮಾರ್ಚ್ 28ರ ಗುರುವಾರ ಸಿಸ್ಟರ್ ಬೇಗ ಹೊರಡಬೇಕೆಂದರು, ಅವತ್ತು ಸಂಜೆ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುವ ವಿಧಿ ಇದೆಯಂತೆ. ಅಮ್ಮನಿಗೆ ಅದು ತಲೆಗೆ ಹೋಗಲಿಲ್ಲ. ನಮ್ಮಲ್ಲಿ ಶಿಷ್ಯರು ಗುರುಗಳ ಪಾದಪೂಜೆ ಮಾಡುವುದು, ಅಲ್ಲಿ ಗುರುವೇ ಬಗ್ಗುವುದೇ? ಒಂದು ವಾರ ಅದನ್ನೇ ಹೇಳಿದರು. ಒಪ್ಪಿಗೆಯಾಯಿತೆಂದಲ್ಲ, ಮರೆಯಲಿಕ್ಕೆ ಆಗಲಿಲ್ಲ.

ಆ ನೋಂಬಿನ ತಿಂಗಳು ಅಜ್ಜನಿಗೆ ಕಷ್ಟದ್ದು. ಹುಡುಗನಾಗಿದ್ದಾಗಿನಿಂದ ಒಂದು ದಿನವೂ ಬಿಟ್ಟವರಲ್ಲ. ಡಾಕ್ಟರು ಖಂಡಿತ ಬೇಡ ಎಂದಿದ್ದರು. ಮೊದಲ ದಿನ ಮಧ್ಯಾಹ್ನ ಸಿಸ್ಟರ್ ಮಾತ್ರೆ ಕೊಟ್ಟಾಗ ಅಜ್ಜ ಗೋಡೆಗೆ ಮುಖ ಮಾಡಿ ಅತ್ತರು. ಗಂಡಸರು ಅಷ್ಟು ಸದ್ದಿಲ್ಲದೆ ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ಅಜ್ಜಿ ಸಮಾಧಾನ ಹೇಳಲಿಲ್ಲ, ಕುರ್‌ಆನ್ ನೆನಪಿಸಿದರು. ಅಲ್‌ಬಕರ ಅಧ್ಯಾಯದಲ್ಲಿ ಉಪವಾಸದ ಆಜ್ಞೆ ಇರುವ ಕಡೆಯಲ್ಲೇ ಕಾಯಿಲೆಯವರಿಗೆ ವಿನಾಯಿತಿ ಇದೆ, ಬೇರೆ ದಿನ ತೀರಿಸಿದರೆ ಸಾಕು, ಎಂದಿಗೂ ಆಗದವರು ದಿನಕ್ಕೊಬ್ಬ ಬಡವನಿಗೆ ಊಟ ಕೊಡಬೇಕು. "ಹಿಡಿಯಲಿಕ್ಕೆ ಹೇಳಿದವನೇ ಬಿಡಲಿಕ್ಕೂ ಹೇಳಿದ್ದಾನೆ, ಒಂದನ್ನು ಕೇಳಿ ಇನ್ನೊಂದನ್ನು ಕೇಳದಿದ್ದರೆ ಹೇಗೆ?" ಎಂದರು. ತಿಂಗಳು ಪೂರ್ತಿ ಅವರ ಮನೆಯಿಂದ ದಿನಾ ಒಂದು ಊಟ ಹೊರಗೆ ಹೋಯಿತು. ಆಸ್ಪತ್ರೆಯ ದಿನಗಳಲ್ಲಿ ಆ ಬುತ್ತಿ ಬೆಂಚಿನ ಮೇಲೆ ಅಮ್ಮನ ಪಕ್ಕದಲ್ಲೇ ಇರುತ್ತಿತ್ತು.

ಆಗ ಅಮ್ಮನ ತಪಾಸಣೆಗಳು ನಡೆಯುತ್ತಿದ್ದವು. ಎಲ್ಲ ಸರಿಹೊಂದಿತು, ಒಂದು ಬಿಟ್ಟು. ಕಿಡ್ನಿ ಕೊಟ್ಟ ಮೇಲೆ ನೀರು ಚೆನ್ನಾಗಿ ಕುಡಿಯಬೇಕು, ನಿರ್ಜಲ ಉಪವಾಸ ಮಾಡಬಾರದು ಎಂದರು ಡಾಕ್ಟರು. ಅಮ್ಮ ಮೂವತ್ತು ವರ್ಷಗಳಿಂದ ತಿಂಗಳಿಗೆ ಎರಡು ಏಕಾದಶಿ ಹನಿ ನೀರಿಲ್ಲದೆ ಮಾಡಿದವರು. ದಶಮಿಗೆ ಒಪ್ಪೊತ್ತು, ದ್ವಾದಶಿ ಬೆಳಗ್ಗೆ ಪಾರಣೆ. ದೇಹದ ಒಂದು ಅಂಗ ಕೊಡಲಿಕ್ಕೆ ಹಿಂದೆಮುಂದೆ ನೋಡದವರು ಈ ಮಾತಿಗೆ ಮಂಕಾಗಿಬಿಟ್ಟರು. ಮನೆಯಲ್ಲಿ ನಾವು ಯಾರೂ ಬಾಯಿ ಬಿಡಲಿಲ್ಲ. ನನಗಾಗಿ ಕೊಡುತ್ತಿರುವವರ ಹತ್ತಿರ, ನಿಮ್ಮ ವ್ರತವನ್ನೂ ಕೊಡಿ ಎಂದು ಹೇಗೆ ಹೇಳಲಿ?

ಕೇಳಿದ್ದು ಮತ್ತೆ ಅಜ್ಜಿಯೇ. "ನಿಕ್ಲೆಡ ಮಾಫಿ ಇಜ್ಜಾ?" ನಿಮ್ಮಲ್ಲಿ ವಿನಾಯಿತಿ ಇಲ್ಲವೇ?

ಅಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆಯ ಅಗತ್ಯವೇ ಬಿದ್ದಿರಲಿಲ್ಲ. ಅಲ್ಲೇ ನಿಂತಿದ್ದ ಸಿಸ್ಟರ್ ತಮ್ಮ ಅಜ್ಜಿಯ ಸಂಗತಿ ಹೇಳಿದರು. ಚರ್ಚಿನ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರು ಹಿಂದಿನ ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟಬಾರದಿತ್ತಂತೆ. 1953ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ನೀರಿನಿಂದ ಉಪವಾಸ ಮುರಿಯುವುದಿಲ್ಲ ಎಂದರು. ಆ ಮುದುಕಿ ಆಮೇಲೆಯೂ ವರ್ಷಗಟ್ಟಲೆ ಕುಡಿಯಲಿಲ್ಲ. ಈಗ ಒಂದೇ ಗಂಟೆಯ ಉಪವಾಸ, ನೀರು ಮತ್ತು ಔಷಧಕ್ಕೆ ತಡೆಯಿಲ್ಲ. ಬ್ಯಾರಿ ಅಜ್ಜಿ ತಲೆ ಆಡಿಸಿದರು: "ನಮ್ಮಲ್ಲಿ ನೀರು ಕುಡಿದರೆ ನೋಂಬು ಹೋಯಿತು. ಹಿಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ." ಮೂವರ ಲೆಕ್ಕ ಮೂರು ಥರ. ಯಾರೂ ಅದನ್ನು ಒಂದು ಮಾಡಲು ಹೋಗಲಿಲ್ಲ.

ಅಮ್ಮ ಆ ರಾತ್ರಿ ಸೋದರಮಾವನಿಗೆ ಫೋನು ಮಾಡಿದರು. ಎರಡು ದಿನ ಬಿಟ್ಟು ಮಾವ ಹುಡುಕಿ ಹೇಳಿದ್ದು ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಶ್ಲೋಕ. ವ್ರತವನ್ನು ಕೆಡಿಸದ ಎಂಟು ವಸ್ತುಗಳ ಪಟ್ಟಿ ಅದರಲ್ಲಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಮೊದಲನೆಯದೇ ನೀರು, ಕೊನೆಯದು ಔಷಧ. ಅಮ್ಮ ಅದನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಂಡರು, ಶನಿವಾರ ಬೆಂಚಿನಲ್ಲಿ ಅಜ್ಜಿಗೆ ಓದಿ ಅರ್ಥ ಹೇಳಿದರು. ನಮ್ಮ ಮನೆಯ ಗ್ರಂಥದ ಕಪಾಟು ತೆರೆಸಿದ್ದು ಒಬ್ಬ ಬ್ಯಾರಿ ಹೆಂಗಸಿನ ಪ್ರಶ್ನೆ. ಅವರು ಕೇಳದಿದ್ದರೆ ನಾವು ತೆರೆಯುತ್ತಿರಲಿಲ್ಲ ಎಂಬುದು ನನಗೆ ಖಾತ್ರಿ.

ಶಸ್ತ್ರಚಿಕಿತ್ಸೆಯಾದ ಒಂದು ವಾರದೊಳಗೆ ಏಕಾದಶಿ ಬಂತು. ನಾನು ಗಾಜಿನ ಬಾಗಿಲಿನ ಒಳಗಿದ್ದೆ, ಅಮ್ಮ ಬೇರೆ ಮಹಡಿಯಲ್ಲಿ. ಆಮೇಲೆ ತಮ್ಮ ಹೇಳಿದ: ಬೆಳಗ್ಗೆ ಅಮ್ಮ ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರಂತೆ. ನೋಡಲು ಬಂದಿದ್ದ ಅಜ್ಜಿ ಪಕ್ಕದಲ್ಲೇ ಇದ್ದರು, ಕುಡಿಯಿರಿ ಎನ್ನಲಿಲ್ಲ. ಅಮ್ಮ ಕೃಷ್ಣಾರ್ಪಣ ಎಂದು ಕುಡಿದರು. ಆಮೇಲೆ ಅಜ್ಜಿ ಚೊಂಬನ್ನು ತುಂಬಿಸಿ ತಂದಿಟ್ಟರು. ಆ ನೀರನ್ನೂ ಅಮ್ಮ ಕುಡಿದರೋ ಎಂದು ನಾನು ಕೇಳಿಲ್ಲ, ಅಮ್ಮನೂ ಹೇಳಿಲ್ಲ.

ಮಡಿ ಬಿಟ್ಟುಹೋಯಿತೆಂದು ಬರೆದರೆ ತಪ್ಪಾಗುತ್ತದೆ. ಹೊರಗಿನ ಅನ್ನ ಅಮ್ಮ ಇವತ್ತಿಗೂ ಉಣ್ಣುವುದಿಲ್ಲ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ಮೊಂತಿ ಫೆಸ್ತ್ ಮರುದಿನ. ನಾನು ಮಾಸ್ಕ್ ಹಾಕಿ ಕೋಣೆಯೊಳಗೇ ಇದ್ದ ಕಾಲ. ಸಿಸ್ಟರ್ ಯಾರ ಕೈಯಲ್ಲೋ ಒಂದು ತೆನೆ ಕಳಿಸಿದ್ದರು, ಜೊತೆಗೆ ಚೀಟಿ: ಹಸಿಯಾಗಿ ಬೇಡ, ಪಾಯಸದಲ್ಲಿ ಚೆನ್ನಾಗಿ ಬೇಯಿಸಿ ಕೊಡಿ. ಬೇಯದ ಕಾಳಿಗೆ ಮೈಲಿಗೆ ಇಲ್ಲ ಎಂದರು ಅಮ್ಮ. ಅರ್ಧವನ್ನು ಬಿಡಿಸಿ ಪಾಯಸಕ್ಕೆ ಹಾಕಿದರು, ಉಳಿದರ್ಧವನ್ನು ನಮ್ಮ ಕದಿರಿನ ಜೊತೆ ಅಕ್ಕಿಪೆಟ್ಟಿಗೆಗೆ ಕಟ್ಟಿದರು. ಅದು ಅಲ್ಲೇ ಇದೆ, ಸಿಸ್ಟರ್.

ಅಜ್ಜನ ವಯಸ್ಸಿಗೆ ಕಸಿ ಆಗುವುದಿಲ್ಲ ಎಂದಿದ್ದಾರೆ. ಈಗಲೂ ಅದೇ ಹಾಸಿಗೆ, ಅದೇ ಮೂರು ದಿನ. ನಾನು ಎದ್ದು ಬಂದೆ, ಅವರು ಅಲ್ಲೇ ಉಳಿದರು, ಅದನ್ನು ನೆನೆಯದೆ ನನ್ನ ದಿನ ಮುಗಿಯುವುದಿಲ್ಲ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ನುಂಗುವಾಗ ಒಂದು ಲೋಟ ತುಂಬ ನೀರು ಕುಡಿಯುತ್ತೇನೆ, ಅಜ್ಜ ಅಷ್ಟು ಕುಡಿಯುವಂತಿಲ್ಲ.

ಅಜ್ಜೀ, ಸೋಂಕಿನ ಭಯಕ್ಕೆ ನನ್ನನ್ನು ಒಳಗೆ ಬಿಡುವುದಿಲ್ಲ. ಮಂಗಳವಾರ ಅಜ್ಜನನ್ನು ಯಂತ್ರಕ್ಕೆ ಹಾಕಿದ ಮೇಲೆ ಗೇಟಿನ ಹತ್ತಿರ ಬನ್ನಿ. ಅಮ್ಮನೂ ಬರುತ್ತಾರೆ. ಅಜ್ಜನಿಗೆಂದು ಉಪ್ಪು ಹಾಕದ ಗೋಳಿಬಜೆ ಮಾಡುತ್ತಾರಂತೆ, ಎರಡೇ ಕೊಡಿ.