ಲಿವರ್ ಪುಡಿ ಇನ್ನು ಮುಂದೆ ಚೀಟಿ ತಂದವರಿಗೆ ಮಾತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಬಾಗಲಕೋಟೆ ನವನಗರದ ನಮ್ಮ ಸಹಕಾರಿ ಔಷಧ ಅಂಗಡಿಗೆ ಬಂದವರೆಲ್ಲ ಒಂದು ವಾರದಿಂದ ಒಂದೇ ಮಾತು ಕೇಳುತ್ತಿದ್ದೀರಿ: "ಎದುರಿಗಿದ್ದ ಲಿವರ್ ಪುಡಿ ಎಲ್ಲಿ ಹೋಯ್ತು?" ಎಲ್ಲೂ ಹೋಗಿಲ್ಲ, ಒಳಗಿನ ಕಪಾಟಿನಲ್ಲಿದೆ. ಇನ್ನು ಮುಂದೆ ಡಾಕ್ಟರ್ ಚೀಟಿ ತಂದವರಿಗೆ ಮಾತ್ರ ಕೊಡುತ್ತೇವೆ. 'ಲಿವರ್ ಟಾನಿಕ್' ಎಂಬ ಬೋರ್ಡನ್ನೂ ತೆಗೆದಿದ್ದೇವೆ. ಅದನ್ನು ಬರೆಸಿದ್ದೇ ನಮ್ಮ ತಪ್ಪು.

ಆ ಪುಡಿಯಲ್ಲಿರುವುದು ಎಲ್-ಆರ್ನಿಥಿನ್ ಎಲ್-ಆಸ್ಪಾರ್ಟೇಟ್, ಎರಡು ಅಮೈನೋ ಆಮ್ಲಗಳ ಜೋಡಿ. ಬೇಳೆ, ಮೊಟ್ಟೆ ತಿಂದಾಗ ಮೈಯಲ್ಲಿ ಅಮೋನಿಯಾ ಹುಟ್ಟುತ್ತದೆ. ಲಿವರ್ ಅದನ್ನು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಈ ಕೆಲಸಕ್ಕೆ ಆರ್ನಿಥಿನ್ ಬೇಕೆಂದು ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಎಂಬ ವಿಜ್ಞಾನಿಗಳು 1932ರಲ್ಲೇ ತೋರಿಸಿದ್ದರು. ಸಿರೋಸಿಸ್ ಆದವರಲ್ಲಿ, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾದವರಲ್ಲಿ, ಅಮೋನಿಯಾ ರಕ್ತದಲ್ಲೇ ಉಳಿದು ಮೆದುಳಿಗೆ ತಾಗುತ್ತದೆ. ಹಗಲೆಲ್ಲ ತೂಕಡಿಕೆ, ಮಾತಿನಲ್ಲಿ ಗೊಂದಲ, ಕೈ ನಡುಕ. ಅಂಥವರಿಗೆ ಡಾಕ್ಟರು ಈ ಪುಡಿ ಬರೆಯುತ್ತಾರೆ.

ಆದರೆ ನಮ್ಮಲ್ಲಿ ಒಯ್ದವರು ಜಾಸ್ತಿ ಬೇರೆಯವರೇ. ಕುಡಿತ ಬಿಡದೆ ಲಿವರ್ ಉಳಿಸಿಕೊಳ್ಳಬೇಕೆಂದವರು. ಕಾಮಣಿ ಆಯಿತೆಂದು ಒಯ್ದವರು. ಒಬ್ಬ ರೈತರು ಕಣ್ಣು ಹಳದಿಯಾದರೂ ಮೂರು ವಾರ ಇದನ್ನೇ ಕುಡಿದರು. ಕೊನೆಗೆ ನೋಡಿದರೆ ಪಿತ್ತನಾಳದಲ್ಲಿ ಕಲ್ಲು! ಯಾವ ಪುಡಿಯೂ ಆ ಕಲ್ಲನ್ನು ತೆಗೆಯುವುದಿಲ್ಲ. ಈಗ ಅವರು ಗುಣವಾಗಿದ್ದಾರೆ. ಆದರೆ ಅವರ ಮಗಳು ಅಂಗಡಿಗೆ ಬಂದು, "ನಿಮ್ಮ ಬೋರ್ಡ್ ಓದಿಯೇ ಅಪ್ಪ ದವಾಖಾನೆಗೆ ಹೋಗಲಿಲ್ಲರೀ" ಎಂದರು. ಅಂದೇ ಸಂಜೆ ಬೋರ್ಡ್ ಇಳಿಸಿದೆವು.

ಕಿಡ್ನಿ ತೀರಾ ಕೆಟ್ಟವರಿಗೂ ಇದು ಆಗದು. ಕಿಡ್ನಿಯ ಸ್ಥಿತಿ ತೋರಿಸುವ ರಕ್ತ ಪರೀಕ್ಷೆಯ ಅಂಶ ಕ್ರಿಯಾಟಿನಿನ್ 3 (mg/dL) ದಾಟಿದ್ದರೆ ಬೇಡವೇ ಬೇಡ. ಚೀಟಿಯ ಜೊತೆ ರಕ್ತದ ರಿಪೋರ್ಟ್ ಇದ್ದರೆ ಅದನ್ನೂ ತನ್ನಿ.

ಸ್ಕ್ಯಾನಿಂಗಿನಲ್ಲಿ ಬರೀ ಫ್ಯಾಟಿ ಲಿವರ್ ಎಂದು ಬಂದಿದ್ದರೆ ಸುಮ್ನೆ ಈ ಪುಡಿಗೆ ದುಡ್ಡು ಹಾಕಬೇಡಿ. 80 ಕಿಲೋ ಇರುವವರು ನಿಧಾನಕ್ಕೆ 6ರಿಂದ 8 ಕಿಲೋ ಇಳಿಸಿದರೆ ಲಿವರಿನ ಕೊಬ್ಬು ಕರಗುತ್ತದೆ. ಇನ್ನೊಂದು ಮಾತು. ಸಿರೋಸಿಸ್ ಎಂದ ಕೂಡಲೇ ಮನೆಯವರು ಹೆದರಿ ಬ್ಯಾಳಿ, ಮೊಸರು ನಿಲ್ಲಿಸಿಬಿಡುತ್ತಾರೆ. ನಿಮ್ಮಷ್ಟಕ್ಕೆ ನೀವೇ ಹಾಗೆ ಮಾಡಬೇಡಿ. ಅವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ರಾತ್ರಿ ಮಲಗುವ ಮುಂಚೆಯೂ ಏನಾದರೂ ತಿನ್ನಲು ಕೊಡಿ, ಬರೀ ಹೊಟ್ಟೆಯಲ್ಲಿ ಬೆಳಗಿನವರೆಗೆ ಇರುವುದು ಅವರಿಗೆ ಒಳ್ಳೆಯದಲ್ಲ.

ಚೀಟಿ ಇಲ್ಲದೆ ಈಗಾಗಲೇ ಒಯ್ದಿದ್ದರೆ ಒಡೆಯದ ಪೊಟ್ಟಣಗಳನ್ನು ವಾಪಸ್ ತನ್ನಿ. ಬಿಲ್ ಕಳೆದಿದ್ದರೂ ಪರವಾಗಿಲ್ಲ, ದುಡ್ಡು ಪೂರ್ತಿ ಕೊಡುತ್ತೇವೆ.

ಇಂತಿ ನಿಮ್ಮ,
ಸಂಘದ ಕಾರ್ಯದರ್ಶಿ ಮತ್ತು ಅಂಗಡಿಯ ಸಿಬ್ಬಂದಿ