ಗೋಪಿಗೊಂದು ಪತ್ರ, ಜಂಬಗಾರಿನಿಂದ

ಮಾರಾಯ ಗೋಪಿ,

ದೀಪಾವಳಿಗೆ ರೈಲು ಟಿಕೆಟ್ ಸಿಗಲಿಲ್ಲ ಅಂತ ಮತ್ತೆ ಮೆಸೇಜ್ ಹಾಕಿದ್ದೀಯ. 120 ದಿನದ ಕಾಲ ಹೋಯಿತು, 2024ರ ನವೆಂಬರಿನಿಂದ 60 ದಿನ ಮುಂಚೆ ಮಾತ್ರ ಬುಕಿಂಗ್ ಅಂತ ಎಷ್ಟು ಸಲ ಹೇಳಲಿ? ಬೆಳಿಗ್ಗೆ 8ಕ್ಕೆ ಶುರು. ಆ ಹೊತ್ತಿಗೆ ನೀನು ಹಲ್ಲುಜ್ಜಿರುವುದಿಲ್ಲ. ನಮ್ಮ ಸಾಗರದ ಸ್ಟೇಷನ್ ಹುಡುಕುವಾಗ 'ಸಾಗರ ಜಂಬಗಾರು' ಅಂತಲೇ ಹುಡುಕು. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ. ಆ ಕತೆ ಇಲ್ಲಿ ಬೇಡ ಬಿಡು, ನಾಲ್ಕು ಜನ ಓದುತ್ತಾರೆ. ಛತ್ರಿಯ ವಿಷಯವನ್ನೂ ಎತ್ತುವುದಿಲ್ಲ.

ನಾನೀಗ ಊರಿನ ರೈಲ್ವೆ ಪಂಡಿತ, ಗೊತ್ತಾ? ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಹಾಕಿ ಅಂತ ಮನವಿ ಕೊಡುವವರು ನನ್ನ ಹತ್ತಿರ ಎರಡು ಪುಟ ಇತಿಹಾಸ ಬರೆಸಿದರು. ಬರೆದೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಈಚೆಗೆ, ಕುಂಸಿ, ಅರಸಾಳು, ಆನಂದಪುರ ಅಂತ ಕಾಡು ಹೊಕ್ಕು ನಮ್ಮ ಕಡೆ ಬರಲು ಮೂರು ದಶಕ ಕಾಯಿಸಿತು. ಹಳಿ ಹಾಕಿದ್ದು 1930ರ ದಶಕದಲ್ಲಿ, ಮೈಸೂರು ಮಹಾರಾಜರ ಕಾಲ. ಎರಡು ಹಳಿಯ ನಡುವೆ ಒಂದೇ ಮೀಟರ್ ಅಂತರ. ತಾಳಗುಪ್ಪಕ್ಕೆ ಬಂದು ನಿಂತಿತು, ಮುಂದೆ ಹೋಗಲೇ ಇಲ್ಲ. ಜೋಗ ನೋಡಲು ಬರುವವರಿಗೆ ಇವತ್ತಿಗೂ ಹತ್ತಿರದ ಸ್ಟೇಷನ್ ಅದೇ. ಆಮೇಲೆ ನಮ್ಮ ರೈಲ್ ಬಸ್ಸು, ಬಸ್ಸಿಗೇ ರೈಲಿನ ಗಾಲಿ ಹಾಕಿದ ಹಾಗಿತ್ತಲ್ಲ, ಅದು. ಆಮೇಲೆ ಹಳಿ ಕಿತ್ತು, ರೈಲೇ ಇಲ್ಲದ ವರ್ಷಗಳು. 2011ರಲ್ಲಿ ಬ್ರಾಡ್ ಗೇಜ್, ಅಂದರೆ ಅಗಲ ಹಳಿ ಆಗಿ ತಾಳಗುಪ್ಪಕ್ಕೆ ಮತ್ತೆ ರೈಲು ಬಂತು. ಈಗ ಬೆಂಗಳೂರಿಗೆ ರಾತ್ರಿ ಮಲಗಿ ಹೋಗಬಹುದು. ಮೈಸೂರಿಗೆ ಕುವೆಂಪು ಎಕ್ಸ್‌ಪ್ರೆಸ್ ಇದೆ.

ಇಷ್ಟು ಬರೆದ ಮೇಲೆ ಒಂದೆರಡು ಫೋಟೋ ಬೇಕು ಅಂದರು. ಹೋದ ಭಾನುವಾರ ತಾಳಗುಪ್ಪಕ್ಕೆ ಹೋದೆ. ರೈಲು ಬಂತು, ಎಲ್ಲರೂ ಇಳಿದರು. ಎಷ್ಟೇ ನಿದ್ದೆ ಹೊಡೆದರೂ ಸ್ಟೇಷನ್ ತಪ್ಪದ ಊರು ಅದು, ನಿನಗೆ ಹೇಳಿ ಮಾಡಿಸಿದ್ದು. ಎಂಜಿನ್ ಬಿಡಿಸಿ, ಪಕ್ಕದ ಹಳಿಯಲ್ಲಿ ಹಿಂದಕ್ಕೆ ಓಡಿಸಿ, ಬಾಲದ ಕಡೆಗೆ ತಂದು ಸಿಕ್ಕಿಸಿದರು. ಒಬ್ಬ ಹುಡುಗ ಬೋಗಿಗೂ ಎಂಜಿನ್ನಿಗೂ ನಡುವೆ ಇಳಿದು, ಬಗ್ಗಿ, ಗಾಳಿಯ ಪೈಪು ಜೋಡಿಸಿದ. ಫುಸ್ ಅಂತ ಸದ್ದು. ಅವನು ಕೈ ಒರೆಸಿಕೊಂಡು ಮೇಲೆ ಬಂದ. ಅಷ್ಟೇ, ಬಾಲವೇ ತಲೆಯಾಯಿತು. ಆಚೆ ಬದಿಯಲ್ಲಿ ಹಳಿ ಇನ್ನೊಂದಿಷ್ಟು ದೂರ ಹೋಗಿ ಮುಗಿಯುತ್ತದೆ. ಅಲ್ಲಿ ನಿಂತುಕೊಂಡಾಗ ಒಂದು ವಿಷಯ ಗೊತ್ತಾಯಿತು. ಈ ಹಳಿ ಮುಂದೆ ಹೋಗುವುದು ನನಗೆ ಇಷ್ಟವೇ ಇಲ್ಲ.

ಮನವಿಯಲ್ಲಿ ನನ್ನದು ಮೂರನೇ ಸಹಿ!

ಹೋದವರೆಲ್ಲ ಬರುವುದಾದರೆ ಇದೇ ಒಂದು ಹಳಿ ಮೇಲೆ, ನನ್ನ ಕಣ್ಣೆದುರೇ ವಾಪಸ್ ಬರಬೇಕು. ನನಗೆ ಬೇಕಾಗಿದ್ದು ಅದೇ ಇರಬೇಕು. ಮನೆಗೆ ಬಂದು ಹಳೇ ಫೋಟೋಗೆ ಅಂತ ಪೆಟ್ಟಿಗೆ ತೆಗೆದರೆ ತಳದಲ್ಲಿ ರಟ್ಟಿನ ಟಿಕೆಟ್ ಒಂದು ಸಿಕ್ಕಿತು. ಹೆಬ್ಬೆರಳಿನಷ್ಟು ಅಗಲ. ಸಾಗರದಿಂದ ಶಿವಮೊಗ್ಗಕ್ಕೆ. ಕೌಂಟರಿನಲ್ಲಿ ಠಕ್ ಅಂತ ತಾರೀಖು ಒತ್ತಿ ಕೊಡುತ್ತಿದ್ದರಲ್ಲ, ಆ ಗುರುತಿನಲ್ಲಿ ತಿಂಗಳು ಕಾಣುತ್ತದೆ, ವರ್ಷ ಅಳಿಸಿದೆ. ನನಗೆ ವರ್ಷ ನೆನಪಿದೆ, ನಿನಗೂ ಇರುತ್ತದೆ.

ಆವತ್ತು ನಾವಿಬ್ಬರೂ ಹೊರಡಬೇಕಿತ್ತು. ನನಗೆ ಜ್ವರ ಅಂತ ತಮ್ಮ ಬಂದು ನಿನಗೆ ಹೇಳಿದ. ಗೋಪಿ, ಜ್ವರ ಇರಲಿಲ್ಲ. ಹಾಗೆ ಹೇಳು ಅಂತ ಕಳಿಸಿದ್ದು ನಾನೇ. ನಿನಗಿಂತ ಅರ್ಧ ಗಂಟೆ ಮುಂಚೆ ಬಂದು ಟಿಕೆಟ್ ತಗೊಂಡಿದ್ದೆ. ಆಮೇಲೆ ಟ್ರಂಕು ಎತ್ತಿಕೊಂಡು ಹೋಗಿ ಶೆಡ್ಡಿನ ಹಿಂದೆ ನಿಂತೆ. ನೀನು ನನ್ನ ಸೀಟಿಗೆ ಟವೆಲ್ ಹಾಕಿ ಇಟ್ಟಿದ್ದೆ. ಕಿಟಕಿಯಲ್ಲಿ ಅದರ ಕೆಂಪು ಅಂಚು ಕಾಣುತ್ತಿತ್ತು. ತಮ್ಮ ಹೇಳಿದ ಮೇಲೂ ನೀನು ಅದನ್ನು ತೆಗೆಯಲಿಲ್ಲ. ರೈಲ್ ಬಸ್ಸು ಹೊರಟಾಗಲೂ ಬಾಗಿಲಲ್ಲಿ ನಿಂತು ರಸ್ತೆ ಕಡೆ ನೋಡುತ್ತಿದ್ದೆ. ಅಮ್ಮನ ಆರೋಗ್ಯ, ತೋಟ, ಅಪ್ಪನ ಸಾಲ ಅಂತ ಆಮೇಲೆ ಎಲ್ಲರಿಗೂ ಒಂದೊಂದು ಹೇಳಿದೆ. ಜನ ಒಳ್ಳೆಯ ಮಗ ಅಂದರು. ನಾನೂ ಅಂದುಕೊಂಡೆ. ಇದ್ದದ್ದು ಹೆದರಿಕೆ. ಬೆಂಗಳೂರಿನಲ್ಲಿ ನೀನು ಗೆದ್ದು ನಾನು ಸೋತರೆ ಅಂತ.

ನೀನು ಬರುವ ರಾತ್ರಿ ರೈಲು ಎಲ್ಲಿದೆ ಅಂತ ಈಗಲೂ ಮೊಬೈಲಿನಲ್ಲಿ ನೋಡುತ್ತೇನೆ. ನೀನು ಬರದ ದಿನವೂ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಟಿಕೆಟ್ ಬುಕ್ ಮಾಡುವುದು ಹೇಗೆ ಅಂತ ಹೇಳಲು ಕೂತವನು ನಾನು. ನೋಡು, ಎರಡು ಪುಟ ಇತಿಹಾಸ ಬರೆದದ್ದಕ್ಕೆ ಪಂಡಿತರಿಗೆ ತಲೆ ತಿರುಗಿದೆ. ಈ ಟಿಕೆಟ್ಟಿಗೆ ದುಡ್ಡು ವಾಪಸ್ ಕೊಡುತ್ತಾರಾ ಅಂತ ನಾಳೆ ಕೌಂಟರಿನಲ್ಲಿ ಕೇಳುತ್ತೇನೆ. ಕಾರಣದ ಜಾಗದಲ್ಲಿ ಜ್ವರ ಅಂತ ಬರೆದರಾಯಿತು, ಅಲ್ವಾ?

ಇವತ್ತಿಗೆ ತತ್ಕಾಲ್ ಒಂದೇ ದಾರಿ. ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರಿಗೆ 11. ಸಿಕ್ಕಿದರೆ ಬೋಗಿ ನಂಬರ್ ಕಳಿಸು, ಪ್ಲಾಟ್‌ಫಾರ್ಮಿನಲ್ಲೇ ಇರುತ್ತೇನೆ. ಈ ಸಲ ಶೆಡ್ಡಿನ ಮುಂದೆ. ಟವೆಲ್ ಇನ್ನೂ ಇದ್ದರೆ ತಾ. ಛತ್ರಿ ತರಬೇಡ.

ನಿನ್ನ,
ಜ್ವರದವನು